ಗೇಟಿನಲ್ಲಿ ನಿಂತ ಸಮವಸ್ತ್ರಕ್ಕೆ ಕಾನೂನು ಕೊಟ್ಟ ಅಧಿಕಾರವೆಷ್ಟು?

ಆಸ್ಪತ್ರೆ, ಬ್ಯಾಂಕು, ಜವಳಿ ಮಳಿಗೆ, ಕಾರ್ಖಾನೆ, ಕಾಲೇಜು, ವಸತಿ ಸಮುಚ್ಚಯ – ಇಂದು ಯಾವ ಬಾಗಿಲಿಗೆ ಹೋದರೂ ನಮ್ಮನ್ನು ಮೊದಲು ಎದುರುಗೊಳ್ಳುವವರು ಖಾಸಗಿ ಭದ್ರತಾ ಸಿಬ್ಬಂದಿ. ಒಳಗೆ ಬಿಡುವವರು ಅವರು, ತಡೆಯುವವರು ಅವರು, ಚೀಲ ಬಿಚ್ಚಿಸುವವರು, ಹೆಸರು ವಿಳಾಸ ಬರೆಸಿಕೊಳ್ಳುವವರೂ ಅವರೇ. ಭುಜದ ಪಟ್ಟಿ, ತಲೆಯ ಟೋಪಿ, ಕೈಯ ಲಾಠಿಗಳನ್ನು ಕಂಡು ಅವರನ್ನು ಪೊಲೀಸರೆಂದೇ ಭಾವಿಸುವ ಹಿರಿಯರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಗಡಿನಾಡಿನ ಕನ್ನಡಿಗರಿಗೆ ಇದರೊಡನೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕಾಸರಗೋಡಿನಲ್ಲಿ ಬಾಗಿಲ ಭಾಷೆ ಮಲಯಾಳ, ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು. ಗಡಿ ದಾಟಿ ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಅಲ್ಲಿನ ಗೇಟುಗಳಲ್ಲಿ ಹಲವೆಡೆ ಹಿಂದಿ. ತಡೆದವರಿಗೆ ಏನು ಬೇಕೆಂಬುದು ಅರ್ಥವಾಗದಿದ್ದಾಗ ಪ್ರಶ್ನಿಸುವ ಧೈರ್ಯ ಬರುವುದಿಲ್ಲ. ತಲೆ ತಗ್ಗಿಸಿ ಹೇಳಿದಂತೆ ಕೇಳುವುದೊಂದೇ ದಾರಿಯೆನಿಸುತ್ತದೆ.

ಈ ಕಾರಣದಿಂದ ಖಾಸಗಿ ಕಾವಲುಗಾರರಿಗೆ ಕಾನೂನು ನಿಜವಾಗಿ ಯಾವ ಅಧಿಕಾರ ಕೊಟ್ಟಿದೆ, ಎಲ್ಲಿ ಗೆರೆ ಎಳೆದಿದೆ ಎಂಬುದನ್ನು ವಿವರವಾಗಿ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಈ ವಿಷಯದ ಮುಖ್ಯ ಕಾನೂನುಗಳೆಲ್ಲ ಕೇಂದ್ರದವು. ಆದ್ದರಿಂದ ಮಂಜೇಶ್ವರದಿಂದ ಮಡಕಶಿರಾದವರೆಗೆ, ತಾಳವಾಡಿಯಿಂದ ಜತ್ತಿನವರೆಗೆ, ನಾವು ಯಾವ ರಾಜ್ಯದ ಆಡಳಿತದಡಿ ಇದ್ದರೂ ಇವು ನಮಗೆಲ್ಲ ಸಮಾನವಾಗಿ ಅನ್ವಯಿಸುತ್ತವೆ.

ಪಂಚೆಯುಟ್ಟ ರೈತ ಮತ್ತು ಹೊಸ ಸಂಹಿತೆ

2024ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ನಡೆದ ಘಟನೆ ಓದುಗರ ನೆನಪಿನಲ್ಲಿರಬಹುದು. ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಡನೆ ಸಿನಿಮಾ ನೋಡಲು ಬಂದಾಗ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಭದ್ರತಾ ಸಿಬ್ಬಂದಿ ಅವರನ್ನು ಒಳಗೆ ಬಿಡಲಿಲ್ಲ. ದೃಶ್ಯ ಹರಿದಾಡಿತು, ಪ್ರತಿಭಟನೆ ನಡೆಯಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು. ಮಾಲನ್ನು 7 ದಿನ ಮುಚ್ಚಿಸುವುದಾಗಿ ಕರ್ನಾಟಕ ಸರ್ಕಾರ ಪ್ರಕಟಿಸಿತು. ಪೊಲೀಸರು ದೂರು ದಾಖಲಿಸಿಕೊಂಡದ್ದು ಭಾರತೀಯ ನ್ಯಾಯ ಸಂಹಿತೆಯ ಕಲಂ 126ರ ಅಡಿಯಲ್ಲಿ, ಅಂದರೆ ‘ಅಕ್ರಮ ತಡೆ’ ಎಂಬ ಅಪರಾಧಕ್ಕಾಗಿ. ಆ ಸಂಹಿತೆ ಜಾರಿಗೆ ಬಂದು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ.

ಆ ದಿನಗಳ ಚರ್ಚೆ ಹೆಚ್ಚಾಗಿ ಪಂಚೆಯ ಮಾನ, ರೈತನ ಮಾನಗಳ ಸುತ್ತ ನಡೆಯಿತು, ಅದು ಸಹಜವೇ. ಆದರೆ ದಾಖಲಾದ ಕಲಮಿನತ್ತ ಗಮನ ಹರಿಸಿದವರು ಕಡಿಮೆ. ಒಬ್ಬ ವ್ಯಕ್ತಿಗೆ ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ಅಡ್ಡಗಟ್ಟುವುದೇ ಅಪರಾಧ ಎನ್ನುತ್ತದೆ ಕಲಂ 126. ಶಿಕ್ಷೆ 1 ತಿಂಗಳವರೆಗಿನ ಸಾದಾ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಅಡ್ಡಗಟ್ಟುವುದನ್ನು ಮೀರಿ ಒಂದು ಕೋಣೆಯೊಳಗೋ ಆವರಣದೊಳಗೋ ಕೂಡಿಹಾಕಿದರೆ ಕಲಂ 127 ಅನ್ವಯವಾಗುತ್ತದೆ. ಶಿಕ್ಷೆ 1 ವರ್ಷದವರೆಗೆ ಏರುತ್ತದೆ. ಹೆಚ್ಚು ದಿನ ಕೂಡಿಹಾಕಿದಷ್ಟೂ ಶಿಕ್ಷೆ ಹೆಚ್ಚು. ಇವೆರಡೂ ಸಂಜ್ಞೇಯ ಅಪರಾಧಗಳು, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಿ ತನಿಖೆ ಮಾಡಬೇಕಾದವು. ತಡೆದವರು ಸಮವಸ್ತ್ರದಲ್ಲಿದ್ದರು ಎಂಬುದಾಗಲಿ, ಮಾಲೀಕರು ಹೇಳಿದಂತೆ ಮಾಡಿದರು ಎಂಬುದಾಗಲಿ ಈ ಕಲಮುಗಳಿಂದ ರಕ್ಷಣೆ ಕೊಡುವುದಿಲ್ಲ.

2005ರ ಕಾಯ್ದೆ ಹೇಳುವುದೇನು?

ಖಾಸಗಿ ಭದ್ರತೆಯ ವ್ಯವಹಾರವನ್ನು ನಿಯಂತ್ರಿಸುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ. 2006ರ ಮಾರ್ಚಿನಲ್ಲಿ ಜಾರಿಗೆ ಬಂದ ಈ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಕಾವಲುಗಾರನಿಗೆ ಬಂಧಿಸುವ, ಮೈ ತಪಾಸಣೆ ಮಾಡುವ, ವಸ್ತು ಜಪ್ತಿ ಮಾಡುವ ಅಧಿಕಾರ ಕೊಟ್ಟ ಒಂದು ಕಲಮೂ ಸಿಗುವುದಿಲ್ಲ. ‘ಸಾರ್ವಜನಿಕ ಸೇವಕನಲ್ಲದ’ ವ್ಯಕ್ತಿ ಒದಗಿಸುವ ರಕ್ಷಣೆ ಎಂದೇ ಅದು ಖಾಸಗಿ ಭದ್ರತೆಯನ್ನು ನಿರೂಪಿಸುತ್ತದೆ. ಉಳಿದುದೆಲ್ಲ ಏಜೆನ್ಸಿ ಹೇಗಿರಬೇಕು, ಕಾವಲುಗಾರ ಯಾರಾಗಬಹುದು ಎಂಬ ನಿಯಮಗಳು.

ಏಜೆನ್ಸಿಗೆ ರಾಜ್ಯದ ನಿಯಂತ್ರಣ ಪ್ರಾಧಿಕಾರದಿಂದ ಪರವಾನಗಿ ಇರಬೇಕು. ಒಂದು ಜಿಲ್ಲೆಗೆ 5,000, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000 ರೂಪಾಯಿ ಶುಲ್ಕವನ್ನು ಕಾಯ್ದೆಯೇ ನಿಗದಿ ಮಾಡಿದೆ. ಪರವಾನಗಿಯಿಲ್ಲದೆ ವ್ಯವಹಾರ ನಡೆಸಿದರೆ 1 ವರ್ಷದವರೆಗೆ ಸೆರೆವಾಸ, ಇಲ್ಲವೇ 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಡಿ ಪ್ರದೇಶದವರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪರವಾನಗಿ ನೀಡುವವರು ಆಯಾ ರಾಜ್ಯದ ಪ್ರಾಧಿಕಾರ. ಮಂಗಳೂರಿನ ಏಜೆನ್ಸಿ ಉಪ್ಪಳದ ಮಳಿಗೆಗೆ, ಬೆಂಗಳೂರಿನ ಏಜೆನ್ಸಿ ಹೊಸೂರಿನ ಕಾರ್ಖಾನೆಗೆ ಕಾವಲುಗಾರರನ್ನು ಒದಗಿಸಬೇಕಾದರೆ ಕರ್ನಾಟಕದ ಪರವಾನಗಿ ಸಾಲದು. ಕೇರಳದ್ದು, ತಮಿಳುನಾಡಿನದು ಬೇರೆಯೇ ಬೇಕು. ಗಡಿಯ ಎರಡೂ ಬದಿ ವ್ಯವಹರಿಸುವ ಸಂಸ್ಥೆಗಳನ್ನು ಈ ಪ್ರಶ್ನೆ ಕೇಳುವ ಹಕ್ಕು ಸಾರ್ವಜನಿಕರಿಗಿದೆ.

ಕಾವಲುಗಾರನ ವಯಸ್ಸು 18ರಿಂದ 65ರ ನಡುವೆ ಇರಬೇಕು; ಅವನ ನಡತೆ, ಪೂರ್ವಾಪರಗಳನ್ನು ಪರಿಶೀಲಿಸಿರಬೇಕು; ತರಬೇತಿ ಮುಗಿಸಿರಬೇಕು. 2006ರ ಕೇಂದ್ರ ಮಾದರಿ ನಿಯಮಗಳು ಕನಿಷ್ಠ 100 ಗಂಟೆಗಳ ತರಗತಿ ಪಾಠವನ್ನೂ 60 ಗಂಟೆಗಳ ಕ್ಷೇತ್ರ ತರಬೇತಿಯನ್ನೂ ವಿಧಿಸಿದ್ದವು. ದಂಡ ಸಂಹಿತೆಯ ಪ್ರಾಥಮಿಕ ಜ್ಞಾನ, ಸ್ವರಕ್ಷಣೆಯ ಹಕ್ಕು, ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸುವ ಕ್ರಮ, ಇವೆಲ್ಲ ಆ ಪಾಠಪಟ್ಟಿಯಲ್ಲಿವೆ. ಕರ್ತವ್ಯದಲ್ಲಿರುವಾಗ ಭಾವಚಿತ್ರವಿರುವ ಗುರುತುಚೀಟಿಯನ್ನು ಸೊಂಟದಿಂದ ಮೇಲೆ, ಎದುರಿನವರಿಗೆ ಕಾಣುವಂತೆ ಧರಿಸಿರಬೇಕು. ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನಾಗಲಿ, ಅದನ್ನು ಹೋಲುವ ಉಡುಪನ್ನಾಗಲಿ ತೊಟ್ಟರೆ ಕಾವಲುಗಾರನಿಗೂ ಏಜೆನ್ಸಿಯ ಮಾಲೀಕನಿಗೂ 1 ವರ್ಷದವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಕಲಂ 21 ಹೇಳುತ್ತದೆ. ಕಾಕಿಯನ್ನು ಕಂಡು ಜನ ಮೋಸಹೋಗಬಾರದೆಂಬ ಎಚ್ಚರ 2005ರಲ್ಲೇ ಸಂಸತ್ತಿಗಿತ್ತು ಎಂಬುದಕ್ಕೆ ಈ ಕಲಮೇ ಸಾಕ್ಷಿ.

ಇದಕ್ಕೆ ವ್ಯತಿರಿಕ್ತವಾಗಿ ವಿಮಾನ ನಿಲ್ದಾಣಗಳಲ್ಲಿ ಕಾಣುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ವಾರಂಟಿಲ್ಲದೆ ಬಂಧಿಸುವ, ಶೋಧಿಸುವ ಅಧಿಕಾರವನ್ನು 1968ರ ಅದರ ಕಾಯ್ದೆಯೇ ಕೊಟ್ಟಿದೆ. ಕಾವಲು ಕೆಲಸಕ್ಕೆ ಅಂಥ ಅಧಿಕಾರ ಬೇಕೆಂದು ಸಂಸತ್ತು ಬಯಸಿದಾಗ ಅದನ್ನು ಬರೆದೇ ಕೊಟ್ಟಿದೆ. ಖಾಸಗಿಯವರಿಗೆ ಬರೆದುಕೊಟ್ಟಿಲ್ಲ.

ಹಿಡಿಯಬಹುದು, ಆದರೆ ಯಾವಾಗ?

ಹಾಗಾದರೆ ಕಾವಲುಗಾರ ಯಾರನ್ನೂ ಹಿಡಿಯುವಂತಿಲ್ಲವೇ? ಹಿಡಿಯಬಹುದು. ಆದರೆ ಆ ಅಧಿಕಾರ ದಾರಿಯಲ್ಲಿ ಹೋಗುವ ಯಾವುದೇ ನಾಗರಿಕನಿಗೆ ಇರುವಷ್ಟೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕಲಂ 43) ಖಾಸಗಿ ವ್ಯಕ್ತಿ ಬಂಧಿಸಬಹುದಾದ ಸಂದರ್ಭಗಳನ್ನು ಹೇಳುತ್ತದೆ. ಹಿಡಿಯಬೇಕಾದವನು ಘೋಷಿತ ಅಪರಾಧಿಯಾಗಿರಬೇಕು. ಇಲ್ಲವೇ ಅವನು ಹಿಡಿಯುವವನ ಸಮ್ಮುಖದಲ್ಲೇ ಅಪರಾಧವೆಸಗಿರಬೇಕು, ಮತ್ತು ಆ ಅಪರಾಧ ಸಂಜ್ಞೇಯವೂ ಜಾಮೀನುರಹಿತವೂ ಆಗಿರಬೇಕು. ಈ ಎರಡನೆಯ ಸಂದರ್ಭದಲ್ಲಿ ಮೂರು ಷರತ್ತುಗಳೂ ಒಟ್ಟಿಗೆ ಕೂಡಿಬರಬೇಕು. ‘ಇವನ ನಡೆ ಅನುಮಾನಾಸ್ಪದವಾಗಿತ್ತು’, ‘ಯಾರೋ ಹೇಳಿದರು’, ‘ನಿನ್ನೆ ಬಂದವನೂ ಇವನೇ ಇರಬೇಕು’ ಎಂಬ ಕಾರಣಗಳು ಪೊಲೀಸರಿಗೆ ಸುದ್ದಿ ಮುಟ್ಟಿಸಲು ಸಾಕಾಗಬಹುದು. ಕೈ ಹಿಡಿಯಲು ಸಾಲವು.

ಹಿಡಿದ ಮೇಲೂ ಗಡುವಿದೆ. ಅನಗತ್ಯ ವಿಳಂಬವಿಲ್ಲದೆ ಪೊಲೀಸರಿಗೆ ಒಪ್ಪಿಸಬೇಕೆಂದಷ್ಟೇ ಹಳೆಯ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆ ಅದಕ್ಕೆ 6 ಗಂಟೆಗಳ ಮಿತಿಯನ್ನು ಸೇರಿಸಿದೆ. ಆರು ಗಂಟೆ ಕೂಡಿಹಾಕಲು ಅನುಮತಿ ಸಿಕ್ಕಿತೆಂದು ಕೆಲವರು ಇದನ್ನು ತಪ್ಪಾಗಿ ಓದುತ್ತಾರೆ. ಅನಗತ್ಯ ವಿಳಂಬ ಕೂಡದೆಂಬ ಮಾತು ಹಾಗೆಯೇ ಉಳಿದಿದೆ. ಆರು ಗಂಟೆ ಎಂಬುದು ಯಾವ ಕಾರಣಕ್ಕೂ ಮೀರಬಾರದ ಕೊನೆಯ ಗೆರೆ. ಠಾಣೆ ಕೂಗಳತೆಯಲ್ಲಿದ್ದು ಎರಡು ಗಂಟೆ ಕೂರಿಸಿಕೊಂಡರೆ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಜೇಬು, ಚೀಲ ಶೋಧಿಸುವ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ಖಾಸಗಿ ವ್ಯಕ್ತಿ ಯಾರನ್ನಾದರೂ ಬಂಧಿಸಿದಾಗ, ಹಿಡಿದವನನ್ನು ಶೋಧಿಸುವ ಅಧಿಕಾರ ಇರುವುದು ‘ಅವನನ್ನು ಯಾರ ವಶಕ್ಕೆ ಒಪ್ಪಿಸಲಾಗುತ್ತದೋ ಆ ಪೊಲೀಸ್ ಅಧಿಕಾರಿಗೆ’ ಎಂದು ಕಲಂ 49 ಹೇಳುತ್ತದೆ. ಹಿಡಿದ ಕಾವಲುಗಾರನಿಗೆ ಕಾನೂನು ಬಿಟ್ಟುಕೊಟ್ಟಿರುವುದು ಒಂದನ್ನು ಮಾತ್ರ: ಅಪಾಯಕಾರಿ ಆಯುಧವಿದ್ದರೆ ಕಿತ್ತುಕೊಳ್ಳಬಹುದು, ಅದನ್ನೂ ಅಧಿಕಾರಿಗೋ ನ್ಯಾಯಾಲಯಕ್ಕೋ ಒಪ್ಪಿಸಬೇಕು. ಹೆಂಗಸರನ್ನು ಶೋಧಿಸುವುದಿದ್ದರೆ ಹೆಂಗಸೇ, ಮರ್ಯಾದೆಗೆ ಚ್ಯುತಿಯಿಲ್ಲದಂತೆ ಮಾಡಬೇಕೆಂಬ ನಿಯಮ ಪೊಲೀಸರಿಗೂ ಅನ್ವಯಿಸುತ್ತದೆ. ಬಂಧನದ ನಂತರದ ಶೋಧಕ್ಕೇ ಇಷ್ಟು ಕಟ್ಟುಪಾಡಿರುವಾಗ, ಯಾವ ಆರೋಪವೂ ಇಲ್ಲದೆ ಬಾಗಿಲಲ್ಲಿ ನಡೆಯುವ ಚೀಲ ತಪಾಸಣೆ ನಿಂತಿರುವುದು ನಮ್ಮ ಒಪ್ಪಿಗೆಯ ಮೇಲೆ. ಒಪ್ಪದಿದ್ದರೆ ಖಾಸಗಿ ಮಳಿಗೆಯವರು ಒಳಗೆ ಬಿಡದಿರಬಹುದು. ಬಲವಂತವಾಗಿ ಕೈ ಹಾಕುವಂತಿಲ್ಲ.

ಸಣ್ಣ ಕಳವು, ದೊಡ್ಡ ಬದಲಾವಣೆ

ಮಳಿಗೆಗಳ ಕಾವಲುಗಾರರು ಹೆಚ್ಚಾಗಿ ಎದುರಿಸುವುದು ಸಣ್ಣ ಕಳವಿನ ಆರೋಪ. ಸೋಪು, ಚಾಕೊಲೇಟು, ಒಂದು ಅಂಗಿ. ಈ ವಿಷಯದಲ್ಲಿ 2024ರ ಬದಲಾವಣೆಯ ಪರಿಣಾಮ ದೊಡ್ಡದು, ಆದರೆ ಅದರ ಚರ್ಚೆ ನಡೆದದ್ದು ಕಡಿಮೆ. ಹಿಂದೆ ಕಳವು ಎಷ್ಟೇ ಚಿಕ್ಕದಿದ್ದರೂ ಸಂಜ್ಞೇಯ, ಜಾಮೀನುರಹಿತ ಅಪರಾಧವೇ ಆಗಿತ್ತು. ಹೊಸ ನ್ಯಾಯ ಸಂಹಿತೆಯ ಕಲಂ 303 ಒಂದು ವಿನಾಯಿತಿ ತಂದಿತು: ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಸುರಕ್ಷಾ ಸಂಹಿತೆಯ ಮೊದಲ ಅನುಸೂಚಿಯಲ್ಲಿ ಈ ಬಗೆಯ ಕಳವನ್ನು ಅಸಂಜ್ಞೇಯ, ಜಾಮೀನೀಯ ಎಂದು ವಿಂಗಡಿಸಲಾಗಿದೆ.

ಇದನ್ನು ಕಲಂ 40ರ ಪಕ್ಕದಲ್ಲಿಟ್ಟು ಓದಿದರೆ ತಾತ್ಪರ್ಯ ತಿಳಿಯುತ್ತದೆ. ಖಾಸಗಿ ವ್ಯಕ್ತಿ ಬಂಧಿಸಬಹುದಾದದ್ದು ಸಂಜ್ಞೇಯ, ಜಾಮೀನುರಹಿತ ಅಪರಾಧಕ್ಕೆ ಮಾತ್ರ. ನೂರಿನ್ನೂರು ರೂಪಾಯಿಯ ಸಾಮಾನು ಕದ್ದನೆಂದು ಹುಡುಗನೊಬ್ಬನನ್ನು ಹಿಡಿದು, ಸಾಮಾನು ಮರಳಿ ದೊರೆತ ಮೇಲೂ ಹಿಂಬದಿಯ ಕೋಣೆಯಲ್ಲಿ ಕೂರಿಸಿಕೊಳ್ಳುವುದಕ್ಕೆ ಈಗ ಕಲಂ 40ರ ಆಸರೆ ಸಿಗುವುದು ಕಷ್ಟ. ಕಳವನ್ನು ನೋಡಿಕೊಂಡು ಸುಮ್ಮನಿರಬೇಕೆಂದು ಇದರರ್ಥವಲ್ಲ. ಆಸ್ತಿಯನ್ನು ಕಾಪಾಡುವ ಹಕ್ಕನ್ನು ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಎಲ್ಲರಿಗೂ ಕೊಟ್ಟಿವೆ. ಕಳವು, ದರೋಡೆ, ಆಸ್ತಿಹಾನಿ, ಅಪರಾಧಿಕ ಅತಿಕ್ರಮಣಗಳನ್ನು ತಡೆಯಲು ಅಗತ್ಯವಿರುವಷ್ಟು ಬಲ ಬಳಸಬಹುದು. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇರುವುದಿಲ್ಲ. ವಸ್ತು ಮರಳಿ ದೊರೆತೊಡನೆ ಕಳವಿನ ವಿರುದ್ಧದ ಆ ಹಕ್ಕು ಮುಗಿಯುತ್ತದೆ.

ಅಲ್ಲಿಂದ ಮುಂದೆ ನಡೆಯುವುದೆಲ್ಲ ಬೇರೆ ಅಪರಾಧಗಳ ಲೆಕ್ಕಕ್ಕೆ ಸೇರುತ್ತದೆ. ‘ಹತ್ತು ಪಟ್ಟು ಹಣ ಕೊಡು, ಇಲ್ಲದಿದ್ದರೆ ಪೊಲೀಸರಿಗೆ ಕೊಡುತ್ತೇವೆ, ಫೋಟೋ ಹಾಕುತ್ತೇವೆ’ ಎಂದು ಬೆದರಿಸಿ ವಸೂಲಿ ಮಾಡಿದರೆ ಅದು ಸುಲಿಗೆ. ಕಲಂ 308ರ ಅಡಿಯಲ್ಲಿ 7 ವರ್ಷಗಳವರೆಗೆ ಶಿಕ್ಷೆಯಿದೆ. ತಪ್ಪೊಪ್ಪಿಗೆ ಬರೆಸಿಕೊಳ್ಳಲು ಹೊಡೆದರೆ ಕಲಂ 120; ಅಲ್ಲಿಯೂ 7 ವರ್ಷಗಳವರೆಗೆ. ನೂರು ರೂಪಾಯಿಯ ಸೋಪು ಕದ್ದವನಿಗೆ ಸಮುದಾಯ ಸೇವೆ, ಅವನನ್ನು ಹೊಡೆದು ಬರೆಸಿಕೊಂಡವನಿಗೆ ಏಳು ವರ್ಷದವರೆಗೆ ಸೆರೆವಾಸ. ಮಳಿಗೆಗಳ ಮಾಲೀಕರು ತಮ್ಮ ಸಿಬ್ಬಂದಿಗೆ ಮೊದಲ ದಿನವೇ ಹೇಳಿಕೊಡಬೇಕಾದ ವಿಷಯವಿದು.

‘ನಾವೇ ವಿಚಾರಿಸಿಕೊಳ್ಳುತ್ತೇವೆ’ ಎಂಬ ಮನೋಭಾವ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಕೇರಳದ ಅಟ್ಟಪ್ಪಾಡಿ ಕಣ್ಣೆದುರಿನ ನಿದರ್ಶನ. 2018ರ ಫೆಬ್ರವರಿಯಲ್ಲಿ, ಅಂಗಡಿಯಿಂದ ಅಕ್ಕಿ ಮುಂತಾದ ಆಹಾರ ಪದಾರ್ಥ ಕದ್ದನೆಂಬ ಆರೋಪದ ಮೇಲೆ ಆದಿವಾಸಿ ಯುವಕನೊಬ್ಬನನ್ನು ಗುಂಪೊಂದು ಕಾಡಿನಿಂದ ಹಿಡಿದು ತಂದು, ಕೈ ಕಟ್ಟಿ ಥಳಿಸಿತು. ಪೊಲೀಸರ ವಶಕ್ಕೆ ಬಂದ ಸ್ವಲ್ಪ ಹೊತ್ತಿನಲ್ಲಿ ಅವನು ಅಸುನೀಗಿದ. 2023ರ ಏಪ್ರಿಲ್‌ನಲ್ಲಿ ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯ 14 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿ, ಅವರಲ್ಲಿ 13 ಮಂದಿಗೆ 7 ವರ್ಷಗಳ ಸೆರೆವಾಸ ವಿಧಿಸಿತು. ಅವರು ಕಾವಲುಗಾರರಾಗಿರಲಿಲ್ಲ, ಸಾಮಾನ್ಯ ನಾಗರಿಕರು. ಆದರೆ ಕಲಂ 40ರ ಮುಂದೆ ನಾಗರಿಕನೂ ಕಾವಲುಗಾರನೂ ಒಂದೇ ಆದ್ದರಿಂದ ಆ ತೀರ್ಪಿನ ಪಾಠ ಇಬ್ಬರಿಗೂ ಸಲ್ಲುತ್ತದೆ. ಹಿಡಿತಕ್ಕೆ ಸಿಕ್ಕವನು ಬಡವನೂ ಮಾತು ಬಾರದವನೂ ಆಗಿದ್ದರೆ ಹಿಡಿದವರ ಕೈ ಬೇಗ ಮೇಲೇಳುತ್ತದೆಂಬುದನ್ನೂ ಅದು ನೆನಪಿಸುತ್ತದೆ.

ಆಸ್ಪತ್ರೆಯ ಬಾಗಿಲು

ಕಾಸರಗೋಡು, ಮಂಜೇಶ್ವರ ಭಾಗದ ಜನ ದೊಡ್ಡ ಚಿಕಿತ್ಸೆಗೆ ಇಂದಿಗೂ ಅವಲಂಬಿಸಿರುವುದು ಮಂಗಳೂರನ್ನು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಅದರ ಬೆಲೆಯೇನೆಂದು ಎಲ್ಲರಿಗೂ ಅರಿವಾಗಿದೆ. ಆದ್ದರಿಂದ ಆಸ್ಪತ್ರೆಯ ಭದ್ರತಾ ಸಿಬ್ಬಂದಿಯ ಅಧಿಕಾರದ ಪ್ರಶ್ನೆ ನಮಗೆ ದಿನನಿತ್ಯದ್ದು.

ಇಲ್ಲಿ ಎರಡೂ ಬದಿಯನ್ನು ನೋಡಬೇಕು. 2023ರ ಮೇ 10ರಂದು ಕೊಟ್ಟಾರಕ್ಕರದ ತಾಲ್ಲೂಕು ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರನ್ನು, ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ ಇರಿದು ಕೊಂದ. ಆ ತಿಂಗಳಲ್ಲೇ ಕೇರಳ ಸರ್ಕಾರ ಸುಗ್ರೀವಾಜ್ಞೆಯ ಮೂಲಕ 2012ರ ಆಸ್ಪತ್ರೆ ಸಂರಕ್ಷಣಾ ಕಾಯ್ದೆಯನ್ನು ಬಿಗಿಗೊಳಿಸಿತು. ವೈದ್ಯರು, ದಾದಿಯರ ಜೊತೆಗೆ ಭದ್ರತಾ ಸಿಬ್ಬಂದಿಗೂ ಅದು ರಕ್ಷಣೆ ವಿಸ್ತರಿಸಿತು. ಹಲ್ಲೆಗೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ತೀವ್ರ ಗಾಯವಾದರೆ 1ರಿಂದ 7 ವರ್ಷ, 1ರಿಂದ 5 ಲಕ್ಷ ರೂಪಾಯಿ. ಈ ಅಪರಾಧ ಸಂಜ್ಞೇಯ, ಜಾಮೀನುರಹಿತ. ಅಂದರೆ ಕಣ್ಣೆದುರು ವೈದ್ಯರ ಮೇಲೆ ಕೈ ಮಾಡಿದವನನ್ನು ಕೇರಳದ ಆಸ್ಪತ್ರೆಯ ಕಾವಲುಗಾರ ಕಲಂ 40ರ ಪ್ರಕಾರ ಹಿಡಿದು ಪೊಲೀಸರಿಗೆ ಒಪ್ಪಿಸಬಹುದು. ಗೋಳಾಡುವ, ಏರುದನಿಯಲ್ಲಿ ಪ್ರಶ್ನಿಸುವ ಸಂಬಂಧಿಕರನ್ನು ಹಿಡಿಯಲು ಇದೇ ಕಾಯ್ದೆಯನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಬಿಲ್ಲು ಬಾಕಿಯಿದೆಯೆಂದು ರೋಗಿಯನ್ನೋ ಮೃತದೇಹವನ್ನೋ ತಡೆದಿಟ್ಟುಕೊಳ್ಳುವುದು ಇನ್ನೊಂದು ವಿಷಯ. ಬಾಕಿ ಹಣ ಸಿವಿಲ್ ವ್ಯಾಜ್ಯದ ಸಂಗತಿ, ಅಪರಾಧವಲ್ಲ. ಅದಕ್ಕಾಗಿ ಗೇಟಿನಲ್ಲಿ ತಡೆಯುವ ಅಧಿಕಾರ ಯಾವ ಕಾವಲುಗಾರನಿಗೂ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಪಟ್ಟಿ, ಪಾವತಿಯ ತಕರಾರಿಗಾಗಿ ಬಿಡುಗಡೆಯನ್ನಾಗಲಿ ಮೃತದೇಹವನ್ನಾಗಲಿ ತಡೆಯಬಾರದೆನ್ನುತ್ತದೆ. ಬಾಕಿ ಪಾವತಿಗಾಗಿ ಒತ್ತಾಯಿಸದೆ ಮೃತದೇಹ ಒಪ್ಪಿಸಬೇಕೆಂದು ಕರ್ನಾಟಕವು 2017ರ ತಿದ್ದುಪಡಿಯ ಮೂಲಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಸೇರಿಸಿದೆ. ಮಂಗಳೂರಿಗೆ ಹೋಗುವ ಗಡಿನಾಡಿನವರು ಇದನ್ನು ತಿಳಿದಿರಬೇಕು.

ಭಾಷೆಯ ಹಕ್ಕು ಗೇಟಿನಲ್ಲೇ ನಿಂತಿದೆ

ಇಷ್ಟೆಲ್ಲ ಕಾನೂನು ಕಾಗದದ ಮೇಲಿದೆ. ಅದು ಬಾಗಿಲಲ್ಲಿ ನಿಂತ ಇಬ್ಬರಿಗೂ ಅರ್ಥವಾಗಬೇಕಾದರೆ ಇಬ್ಬರ ನಡುವೆ ಒಂದು ಭಾಷೆ ಬೇಕು. ನಮ್ಮ ಮುಖ್ಯ ಆಕ್ಷೇಪ ಇರುವುದು ಇಲ್ಲಿ.

ಸಂವಿಧಾನದ 350ನೇ ವಿಧಿ ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿದೆ. ಬಂಧನದ ಕಾರಣವನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂಬ ತತ್ತ್ವ ಸರ್ವೋಚ್ಚ ನ್ಯಾಯಾಲಯದ 1962ರ ಹರಿಕಿಸನ್ ಪ್ರಕರಣದಷ್ಟು ಹಳೆಯದು. ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದವನಿಗೆ ತಿಳಿಯದ ಇಂಗ್ಲಿಷಿನಲ್ಲಿ ಕಾರಣಗಳನ್ನು ಕೊಟ್ಟದ್ದನ್ನು ಅಂದು ನ್ಯಾಯಾಲಯ ಒಪ್ಪಲಿಲ್ಲ. 2025ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕೆಂದಿತು.

ಪೊಲೀಸರು ಪಾಲಿಸಬೇಕಾದ ಈ ನಿಯಮದ ನೆರಳು ಗೇಟಿನವರೆಗೆ ಬಂದಿಲ್ಲ. ಸರ್ಕಾರಿ ಆಸ್ಪತ್ರೆ, ಕಚೇರಿಗಳ ಒಳಗಿನ ಗುಮಾಸ್ತರು ಕನ್ನಡದ ಅರ್ಜಿ ಸ್ವೀಕರಿಸಬೇಕು. ಆದರೆ ಆ ಗುಮಾಸ್ತರ ಬಳಿಗೆ ಹೋಗಲು ಬಿಡಬೇಕಾದ ಹೊರಗುತ್ತಿಗೆಯ ಕಾವಲುಗಾರನಿಗೆ ಕನ್ನಡ ತಿಳಿದಿರಬೇಕೆಂಬ ಷರತ್ತಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ ಭಾಷಾ ಅಲ್ಪಸಂಖ್ಯಾತರ ಬಗೆಗಿನ ಹೊಣೆಯೂ ಯಾರ ಗಮನಕ್ಕೂ ಬಾರದೆ ಜಾರಿಹೋಗಿದೆ. ಕಾವಲುಗಾರನಿಗೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಓದಲು ಬರಬೇಕೆಂದು 2006ರ ಮಾದರಿ ನಿಯಮಗಳು ಬರೆದಿದ್ದವು. ಗುರುತುಪತ್ರಗಳನ್ನು ಪರಿಶೀಲಿಸಲು ಅದು ಬೇಕು, ಸರಿಯೇ. ತನ್ನೆದುರು ನಿಂತ ಜನರ ಮಾತು ತಿಳಿಯಬೇಕೆಂಬುದು ಪಾಠಪಟ್ಟಿ ಬರೆದವರಿಗೆ ಹೊಳೆಯಲಿಲ್ಲ.

ಇದನ್ನು ಸರಿಪಡಿಸಲು ಹೊಸ ಶಾಸನ ಬೇಕಾಗಿಲ್ಲ. ಟೆಂಡರಿನ ಷರತ್ತುಗಳನ್ನು ಬರೆಯುವವರು ಸ್ಥಳೀಯ ಸಂಸ್ಥೆಗಳು, ಆಸ್ಪತ್ರೆಗಳು, ಇಲಾಖೆಗಳೇ. ಕನ್ನಡಿಗರು ಗಣನೀಯವಾಗಿರುವ ಪಂಚಾಯತುಗಳಲ್ಲಿ, ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಬಾಗಿಲಲ್ಲಿರಬೇಕೆಂದು ಒಂದು ಸಾಲು ಸೇರಿಸಿದರೆ ಸಾಕು. ಏಜೆನ್ಸಿಯ ಹೆಸರು, ಪರವಾನಗಿ ಸಂಖ್ಯೆ, ದೂರು ಕೊಡಬೇಕಾದ ವಿಳಾಸ, ‘ಮೈ ತಪಾಸಣೆಗೆ ಒತ್ತಾಯವಿಲ್ಲ’ ಎಂಬ ಸೂಚನೆ – ಇವಿರುವ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕೆಂದು ಇನ್ನೊಂದು ಸಾಲು. ಹೊಸೂರು, ತಾಳವಾಡಿ, ಅಕ್ಕಲಕೋಟೆ, ರಾಯದುರ್ಗಗಳ ಸ್ಥಳೀಯ ಸಂಸ್ಥೆಗಳ ಮುಂದೆಯೂ ಇದೇ ಬೇಡಿಕೆಯನ್ನಿಡಬಹುದು. ಕನ್ನಡ ಸಂಘಟನೆಗಳು ನಾಮಫಲಕ, ಶಾಲೆ, ಪಠ್ಯಪುಸ್ತಕಗಳ ಹೋರಾಟದೊಡನೆ ಇದನ್ನೂ ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಆಗ್ರಹ.

ಕಾವಲುಗಾರನೂ ನಮ್ಮವನೇ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಪುಣೆ, ಮುಂಬಯಿ, ಬೆಂಗಳೂರುಗಳ ಗೇಟುಗಳಲ್ಲಿ ರಾತ್ರಿಪಾಳಿ ನಿಂತವರಲ್ಲಿ ಗಡಿನಾಡಿನ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಮಳಿಗೆಯವರು ‘ಹಿಡಿದು ಕೂರಿಸು’ ಎನ್ನುತ್ತಾರೆ, ಆಸ್ಪತ್ರೆಯವರು ‘ಬಿಲ್ಲು ಕಟ್ಟದೆ ಬಿಡಬೇಡ’ ಎನ್ನುತ್ತಾರೆ. ಪ್ರಕರಣ ದಾಖಲಾದಾಗ ಮೊದಲು ಸಿಕ್ಕಿಬೀಳುವವನು ಅಪ್ಪಣೆ ಪಾಲಿಸಿದವನು. ಅಪ್ಪಣೆ ಕೊಟ್ಟವರು ‘ಅವನು ಏಜೆನ್ಸಿಯವನು, ನಮ್ಮವನಲ್ಲ’ ಎಂದು ಕೈ ತೊಳೆದುಕೊಳ್ಳುತ್ತಾರೆ. ದಿನಕ್ಕೆ 12 ಗಂಟೆ ನಿಲ್ಲಿಸಿ 8 ಗಂಟೆಯ ಕೂಲಿ ಕೊಡುವ ಏಜೆನ್ಸಿಗಳೂ ಇವೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆನ್ನುವ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಹಾರಾಷ್ಟ್ರದಲ್ಲಿ ಕಾವಲುಗಾರರ ಉದ್ಯೋಗ ಮತ್ತು ಕಲ್ಯಾಣಕ್ಕೆಂದೇ 1981ರ ಪ್ರತ್ಯೇಕ ಕಾಯ್ದೆಯಿದೆ. ಸೊಲ್ಲಾಪುರ, ಜತ್ತಿನಿಂದ ದುಡಿಯಲು ಹೋದವರು ಅದನ್ನು ಕೇಳಿ ತಿಳಿಯಬೇಕು. ತನ್ನ ಅಧಿಕಾರದ ಗೆರೆ ಬಲ್ಲ ಕಾವಲುಗಾರ ಮಾಲೀಕನ ಅಕ್ರಮ ಅಪ್ಪಣೆಗೆ ‘ಆಗದು’ ಎನ್ನಲು ಬಲ ಪಡೆಯುತ್ತಾನೆ. ಅದು ಅವನಿಗೂ ರಕ್ಷೆ.

ತಡೆದಾಗ ಏನು ಮಾಡಬೇಕು?

ಕೊನೆಯದಾಗಿ ಓದುಗರ ಅನುಕೂಲಕ್ಕೆ ಕೆಲವು ಮಾತು. ಬಾಗಿಲಲ್ಲಿ ತಡೆದರೆ ಜಗಳಕ್ಕೆ ಇಳಿಯಬೇಡಿ. ತಡೆದವರ ಗುರುತುಚೀಟಿ ನೋಡಿ ಹೆಸರನ್ನೂ ಏಜೆನ್ಸಿಯ ಹೆಸರನ್ನೂ ಬರೆದುಕೊಳ್ಳಿ. ‘ಯಾವ ಅಪರಾಧಕ್ಕಾಗಿ ತಡೆದಿದ್ದೀರಿ? ಪೊಲೀಸರನ್ನು ಕರೆಯಿರಿ’ ಎಂದು ನಿಮಗೆ ಬರುವ ಭಾಷೆಯಲ್ಲೇ ಶಾಂತವಾಗಿ ಹೇಳಿ. ಅವರು ಕರೆಯದಿದ್ದರೆ 112ಕ್ಕೆ ನೀವೇ ಕರೆ ಮಾಡಿ. ಯಾವುದೇ ಕಾಗದಕ್ಕೆ, ಅದರಲ್ಲೂ ಓದಲು ಬಾರದ ಭಾಷೆಯ ಕಾಗದಕ್ಕೆ, ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ. ದಂಡವೆಂದು ಹಣ ಕೇಳಿದರೆ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ರಸೀದಿ ಕೇಳಿ.

ಗಡಿಯಾಚೆ ಇಂಥದ್ದು ನಡೆದರೆ ‘ಅದು ಬೇರೆ ರಾಜ್ಯ’ ಎಂದು ಕೈಬಿಡಬೇಕಾಗಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿಯನ್ನು ಘಟನೆ ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಸುರಕ್ಷಾ ಸಂಹಿತೆಯ ಕಲಂ 173 ಹೇಳುತ್ತದೆ. ಜನ ಇದನ್ನು ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ಮಂಗಳೂರಿನಲ್ಲಿ ಕೂಡಿಹಾಕಿದ್ದಕ್ಕೆ ಮಂಜೇಶ್ವರದ ಠಾಣೆಯಲ್ಲಿ, ಬೆಂಗಳೂರಿನಲ್ಲಿ ನಡೆದದ್ದಕ್ಕೆ ಹೊಸೂರಿನಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿ 3 ದಿನಗಳೊಳಗೆ ಸಹಿ ಹಾಕಲೂ ಅವಕಾಶವಿದೆ. ವಕೀಲರನ್ನು ಹಿಡಿಯಲು ಶಕ್ತಿಯಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ ಉಚಿತ ನೆರವು ಕೇಳಬಹುದು. ಏಜೆನ್ಸಿಯ ವಿರುದ್ಧದ ದೂರನ್ನು ರಾಜ್ಯದ ಗೃಹ ಇಲಾಖೆಯ ನಿಯಂತ್ರಣ ಪ್ರಾಧಿಕಾರಕ್ಕೆ ಬರೆಯಬೇಕು. ಪರವಾನಗಿ ರದ್ದುಪಡಿಸುವ ಅಧಿಕಾರ ಅದಕ್ಕಿದೆ. ಆ ದೂರನ್ನು ಕನ್ನಡದಲ್ಲೇ ಬರೆಯಿರಿ. ಅದನ್ನು ಸ್ವೀಕರಿಸಿ ಉತ್ತರಿಸುವ ಹೊಣೆ ಸರ್ಕಾರದ್ದು, ಮತ್ತು ಕನ್ನಡದ ದೂರುಗಳು ಸಾಲಾಗಿ ಹೋದರೆ ಮಾತ್ರ ಟೆಂಡರಿಗೆ ಆ ಎರಡು ಸಾಲುಗಳನ್ನು ಸೇರಿಸುವ ಅಗತ್ಯ ಅಧಿಕಾರಿಗಳಿಗೆ ಮನವರಿಕೆಯಾಗುತ್ತದೆ.